ಅಪ್ಪ ಕಿತ್ತ ಗರಿಕೆ, ನಾನು ಬೆಳೆಸಿದ ಗರಿಕೆ

ಡಿಗ್ರಿ ಮುಗಿಸಿ ಮೈಸೂರಿಗೆ ಬಂದು ವರ್ಷವಾಗಿತ್ತು. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ಒಂದು ಮನೆಯ ಮಹಡಿ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಓನರ್ ಅಂಕಲ್, ‘ಮುಂದಿನ ಲಾನ್ ನೋಡ್ಕೊಳ್ಳಪ್ಪ, ಅರ್ಧ ಬಾಡಿಗೆ ಕೊಟ್ರೆ ಸಾಕು’ ಎಂದರು. ಅಪ್ಪನ ಹತ್ತಿರ ದುಡ್ಡು ಕೇಳಲು ನಾಚಿಕೆಯಾಗುತ್ತಿದ್ದ ದಿನಗಳವು. ತಕ್ಷಣ ಒಪ್ಪಿಕೊಂಡೆ.

ನೋಡಿದರೆ ಆ ಲಾನ್ ನಮ್ಮೂರಿನ ಗರಿಕೆಯೇ! ಮಂಡ್ಯ ಕಡೆಯ ನಮ್ಮ ಹೊಲದಲ್ಲಿ ಅಪ್ಪ ಬೇರುಸಹಿತ ಕಿತ್ತು ಬದುವಿನಾಚೆ ಎಸೆಯುತ್ತಿದ್ದ ಹುಲ್ಲು. ಇದಕ್ಕೇನು ಮಹಾ ಆರೈಕೆ ಎಂದುಕೊಂಡೆ. ತಿಂಗಳುಗಟ್ಟಲೆ ಮತ್ತೆ ಮುಟ್ಟುವ ಗೋಜು ಬೇಡವೆಂದು ಏಪ್ರಿಲ್ ಬಿಸಿಲಿನಲ್ಲಿ ಬುಡಮಟ್ಟ ಕತ್ತರಿಸಿದೆ. ವಾರದಲ್ಲಿ ಹುಲ್ಲು ಹಳದಿಯಾಯಿತು. ಗಾಬರಿಯಲ್ಲಿ ಕೈತುಂಬ ಯೂರಿಯಾ ಎರಚಿದೆ. ಬಿದ್ದಲ್ಲೆಲ್ಲ ಸುಟ್ಟು ಕಂದು ಮಚ್ಚೆಗಳಾದವು. ಅಂಕಲ್ ವಿಡಿಯೊ ಕಾಲ್ ಮಾಡಿದಾಗಲೆಲ್ಲ ಮೊಬೈಲನ್ನು ದಾಸವಾಳದ ಗಿಡದ ಕಡೆ ತಿರುಗಿಸುತ್ತಿದ್ದೆ.

ಕೊನೆಗೆ ಅಪ್ಪನಿಗೇ ಫೋನ್ ಮಾಡಿದೆ. ಮೊದಲು ಜೋರಾಗಿ ನಕ್ಕ. ಆಮೇಲೆ, ‘ಬೇರು ಬದುಕಿದ್ರೆ ಗರಿಕೆ ಸಾಯಾಕಿಲ್ಲ ಕಣ್ಲಾ. ಚೆನ್ನಾಗಿ ನೀರು ಬುಟ್ಟು ಗೊಬ್ಬರ ತೊಳಿ. ಸ್ವಲ್ಪ ದಿನ ಅದರ ಪಾಡಿಗೆ ಬುಡು’ ಎಂದ.

ಹತ್ತಿರದ ನರ್ಸರಿಯವರು ಉಳಿದದ್ದನ್ನು ಹೇಳಿಕೊಟ್ಟರು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮೂರು ಇಂಚಿದ್ದರೆ ಎರಡಕ್ಕಿಳಿಸಿದರೆ ಸಾಕು. ಎಲೆಯೇ ಅದರ ಅಡುಗೆಮನೆ, ಅದನ್ನೇ ಕತ್ತರಿಸಿದರೆ ಬೇರು ಉಪವಾಸ. ಬ್ಲೇಡ್ ಹರಿತವಾಗಿರಬೇಕು. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಬದಲಿಗೆ ಎರಡು ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಬಿಸಿಲೇರುವ ಮುನ್ನ ಮಣ್ಣು ಆಳಕ್ಕೆ ನೆನೆಯುವಂತೆ ಕೊಡಬೇಕು. ಜೇಕು ಕಂಡರೆ ಗಡ್ಡೆಸಹಿತ ಕೀಳಬೇಕು, ಗಡ್ಡೆ ಉಳಿದರೆ ಮತ್ತೆ ಹುಟ್ಟುತ್ತದೆ.

ಒಂದೂವರೆ ತಿಂಗಳ ನಂತರ, ಮುಂಗಾರಿನ ಹನಿ ಬಿದ್ದ ಮೇಲೆ ಮಚ್ಚೆಗಳು ಮುಚ್ಚಿಕೊಂಡವು. ಆ ದಿನ ಅಂಕಲ್‌ಗೆ ನಾನೇ ಕಾಲ್ ಮಾಡಿ ಲಾನ್ ತೋರಿಸಿದೆ, ನಡೆದದ್ದನ್ನೂ ಹೇಳಿದೆ. ‘ಬರೀ ದಾಸವಾಳ ನೋಡಿ ನೋಡಿ ನಂಗೂ ಅನುಮಾನ ಬಂದಿತ್ತು ಕಣಪ್ಪ’ ಎಂದು ನಕ್ಕರು. ಅರ್ಧ ಬಾಡಿಗೆ ಹಾಗೇ ಉಳಿಯಿತು.

ಪರೀಕ್ಷೆಗೂ ನಾನು ಹಾಗೇ ಓದುತ್ತಿದ್ದೆ. ತಿಂಗಳಿಡೀ ಸುಮ್ಮನಿದ್ದು ಕೊನೆಯ ವಾರ ರಾತ್ರಿಯೆಲ್ಲಾ ನಿದ್ದೆಗೆಟ್ಟು. ಈಗ ಗರಿಕೆಗೆ ನೀರು ಬಿಟ್ಟು, ಪ್ರತಿದಿನ ಬೆಳಿಗ್ಗೆ ಎರಡು ತಾಸು ಕೂರುತ್ತೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಭಾನುವಾರ ಹುಲ್ಲು ಕತ್ತರಿಸಬೇಕು, ಮೂರನೇ ಒಂದು ಭಾಗ ಮಾತ್ರ.