ಬೆಳಗಿನ ಚಹಾಕ್ಕೆ ತಕ್ಕ ಎಲೆ

ಕೆಲವು ವರ್ಷಗಳ ಹಿಂದಿನ ಮಾತು. ನಲವತ್ತೈದರ ಆಸುಪಾಸಿನ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹೊಲಮನೆಯ ಕೆಲಸದಲ್ಲಿ ಪಳಗಿದ ಗಟ್ಟಿ ಜೀವ. ಆದರೆ ಮುಖ ಬಿಳಿಚಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಜೊತೆಗೆ ಎದೆಯುರಿ. ರಕ್ತಪರೀಕ್ಷೆ ಮಾಡಿಸಿ, ಪಾಂಡುರೋಗವೆಂದು ನಿರ್ಣಯಿಸಿ, ಕಬ್ಬಿಣಾಂಶವುಳ್ಳ ಔಷಧವನ್ನು ಕೊಟ್ಟೆ. ಎರಡು ತಿಂಗಳು ಕಳೆದರೂ ನಿರೀಕ್ಷಿಸಿದ ಗುಣ ಕಾಣಲಿಲ್ಲ. ಔಷಧವನ್ನೇ ಬದಲಿಸಬೇಕೆಂದು ಯೋಚಿಸುತ್ತಿದ್ದಾಗ, ಗುಳಿಗೆಯನ್ನು ಯಾವುದರೊಂದಿಗೆ ಸೇವಿಸುತ್ತೀರಿ ಎಂದು ಕೇಳಿದೆ. “ಮುಂಜಾನೆ ಚಹಾದ ಜೋಡಿ ನುಂಗತೀನ್ರಿ, ಹಂಗಾದರ ಮರಿಯೂದಿಲ್ಲ” ಎಂದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯದು. ಕೇಳದೇ ಇದ್ದುದು ನನ್ನ ತಪ್ಪು.

ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ವರ್ಗದ ದ್ರವ್ಯಗಳು ಕಬ್ಬಿಣವನ್ನು ಹಿಡಿದಿಟ್ಟು, ಅದು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಧಾನ್ಯ, ಕಾಳು, ಸೊಪ್ಪುಗಳಿಂದ ದೊರೆಯುವ ಕಬ್ಬಿಣಕ್ಕೆ ಈ ತಡೆ ಹೆಚ್ಚು. ಸಸ್ಯಾಹಾರಿಗಳಾದ ನಮಗೆ ಕಬ್ಬಿಣ ಸಿಗುವುದೇ ಅವುಗಳಿಂದ. ಆದುದರಿಂದ ಈ ವಿಷಯವನ್ನು ನಾವು ಲಘುವಾಗಿ ಕಾಣುವಂತಿಲ್ಲ.

ಆ ತಾಯಿ ಕೈಮುಗಿದು, “ಚಹಾ ಬಿಡು ಅಂತ ಮಾತ್ರ ಹೇಳಬ್ಯಾಡ್ರಿ” ಎಂದರು. ನಾನು ಹೇಳಲಿಲ್ಲ. ಮನೆಯಲ್ಲಿ ಬಳಸುವ ಚಹಾಪುಡಿಯನ್ನು ತಂದು ತೋರಿಸಲು ಮಾತ್ರ ಕೇಳಿದೆ. ಹಿಟ್ಟಿನಂತೆ ನುಣ್ಣಗಿನ ಕಪ್ಪು ಪುಡಿ. ಅದನ್ನು ಹಾಲು, ಸಕ್ಕರೆಯೊಂದಿಗೆ ಕಾಲು ಗಂಟೆ ಕುದಿಸುತ್ತಿದ್ದರು. ನಮ್ಮ ಬಹುತೇಕ ಮನೆಗಳ ಖಡಕ್ ಚಹಾದ ಕಥೆಯೂ ಇದೇ.

ಚರಕ, ಸುಶ್ರುತ ಸಂಹಿತೆಗಳಲ್ಲಿ ಚಹಾದ ಉಲ್ಲೇಖವಿಲ್ಲ. ಆದರೂ ದ್ರವ್ಯಗುಣದ ದೃಷ್ಟಿಯಿಂದ ನೋಡಿದರೆ ಅದು ಕಷಾಯ ಮತ್ತು ತಿಕ್ತ ರಸಗಳುಳ್ಳ, ಉಷ್ಣ ಸ್ವಭಾವದ ದ್ರವ್ಯ. ಮಿತವಾಗಿ ಸೇವಿಸಿದರೆ ಜಡತೆ ನೀಗಿ ಮನಸ್ಸು ಚುರುಕಾಗುವುದು, ಕಫ ತಗ್ಗುವುದು. ಅತಿಯಾದರೆ ಪಿತ್ತ ಕೆರಳಿ ಎದೆಯುರಿ, ವಾತ ಕೆರಳಿ ನಿದ್ರಾಹಾನಿ, ಮಲಬದ್ಧತೆಗಳು ತಲೆದೋರುವುವು. ಆದುದರಿಂದ ಪ್ರತಿದಿನವೂ ಕುಡಿಯುವ ಚಹಾ ಮೃದುವಾಗಿರಬೇಕು. ಆ ಮೃದುತ್ವದ ಮೂಲ ಎಲೆಯ ಆಯ್ಕೆಯಲ್ಲಿದೆ.

ನಾವು ಸಾಮಾನ್ಯವಾಗಿ ಕೊಳ್ಳುವ ಹರಳು ಹರಳಾದ ಚಹಾ ಸಿ.ಟಿ.ಸಿ. ವಿಧಾನದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟುತ್ತದೆ. ಇದು ವಿಷವಲ್ಲ. ಆದರೆ ಕಣ ಚಿಕ್ಕದಾದಷ್ಟೂ ಅದರ ಸತ್ವ ಬೇಗನೆ ನೀರಿಗಿಳಿಯುತ್ತದೆ. ಒಂದೆರಡು ನಿಮಿಷ ಹೆಚ್ಚು ಕುದಿದರೂ ಒಗರು ಮಿತಿಮೀರುತ್ತದೆ. ಆ ಒಗರನ್ನು ಮುಚ್ಚಲು ಹೆಚ್ಚು ಹಾಲು, ಹೆಚ್ಚು ಸಕ್ಕರೆ ಸುರಿಯಬೇಕಾಗುತ್ತದೆ. ಎಲೆಯನ್ನು ಬಾಡಿಸಿ, ಹೊಸೆದು, ಹದವಾಗಿ ಕಪ್ಪಾಗಿಸಿ ಒಣಗಿಸುವ ಹಳೆಯ ಕ್ರಮಕ್ಕೆ ಆರ್ಥೊಡಾಕ್ಸ್ ಎಂದು ಹೆಸರು. ಈ ಎಲೆ ತನ್ನ ಸತ್ವವನ್ನು ನಿಧಾನವಾಗಿ ಬಿಡುವುದರಿಂದ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿರುತ್ತದೆ.

ಎಲೆ ಚಹಾದಲ್ಲಿಯೂ ಪ್ರದೇಶಕ್ಕೊಂದು ಗುಣವಿದೆ. ಅಸ್ಸಾಮಿನದು ಗಾಢವಾದುದು, ಹಾಲಿಗೆ ಒಗ್ಗುವಂಥದು. ಡಾರ್ಜಿಲಿಂಗಿನದು ಸುಗಂಧಮಯ, ತೆಳುವಾದುದು. ಹಾಲು ಬೆರೆತರೆ ಅದರ ಸೊಗಸು ಮರೆಯಾಗುತ್ತದೆ, ಬೆಲೆಯೂ ಹೆಚ್ಚು. ನಮ್ಮ ಚಾಮರಾಜನಗರ ಜಿಲ್ಲೆಗೆ ಹೊಂದಿಕೊಂಡಿರುವ ನೀಲಗಿರಿಯ ಚಹಾ ತಿಳಿಬಣ್ಣದ್ದು, ಹಿತವಾದ ಪರಿಮಳದ್ದು, ನಾಲಗೆಗೆ ಮೃದು. ಹಾಲಿಲ್ಲದೆಯೂ, ಸ್ವಲ್ಪವೇ ಹಾಲು ಬೆರೆಸಿಯೂ ಕುಡಿಯಬಹುದಾದ್ದರಿಂದ ದಿನನಿತ್ಯದ ಬೆಳಗಿಗೆ ನಾನು ಸೂಚಿಸುವುದು ಇದನ್ನೇ. ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲಿಯೂ ಚಹಾ ತೋಟಗಳಿವೆ. ಪೊಟ್ಟಣದ ಮೇಲೆ ಒ.ಪಿ. ಎಂದಿದ್ದರೆ ಉದ್ದನೆಯ ಎಲೆ, ಬಿ.ಒ.ಪಿ. ಎಂದಿದ್ದರೆ ತುಂಡಾದ ಎಲೆ ಎಂದು ತಿಳಿಯಬೇಕು. ಹಾಲು ಬೆರೆಸುವವರಿಗೆ ಎರಡನೆಯದು ಅನುಕೂಲ. ಡಸ್ಟ್ ಎಂಬುದು ತೀರ ನುಣುಪಾದ ಪುಡಿ.

ಕೊಳ್ಳುವಾಗ ಎಲೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿರಿ. ಕಪ್ಪಾಗಿ, ಸಮನಾಗಿ ಸುರುಳಿಗಟ್ಟಿ, ಮುರಿದರೆ ಗರಿಗರಿಯಾಗಿರಬೇಕು. ಕಡ್ಡಿ, ಧೂಳು ಹೆಚ್ಚಿರಬಾರದು; ಮುಗ್ಗಲು ವಾಸನೆ ಸಲ್ಲದು. ಮನೆಯಲ್ಲಿ ಒದ್ದೆ ಮಾಡಿದ ಬಿಳಿಯ ಸೋಸುಕಾಗದದ ಮೇಲೆ ಚಿಟಿಕೆ ಚಹಾ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕಾಗದದ ಮೇಲೆ ಗಾಢ ಬಣ್ಣದ ಕಲೆಗಳು ಮೂಡಿದರೆ ಕೃತಕ ಬಣ್ಣ ಬೆರೆತಿರುವ ಶಂಕೆಯಿದೆ. ಚಹಾ ಸುತ್ತಲಿನ ವಾಸನೆಯನ್ನು ಬಹುಬೇಗ ಹೀರುತ್ತದೆ. ಆದ್ದರಿಂದ ಮಸಾಲೆ, ಕರ್ಪೂರ, ಊದಿನಕಡ್ಡಿಗಳಿಂದ ದೂರದಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.

ಒಂದು ಬಟ್ಟಲಿಗೆ 150 ಮಿಲಿಲೀಟರ್ ನೀರು, 2 ಗ್ರಾಂ ಎಲೆ ಸಾಕು. ನೀರು ಕುದಿ ಬಂದೊಡನೆ ಒಲೆ ಆರಿಸಿ, ಎಲೆ ಹಾಕಿ ಮುಚ್ಚಿಡಿರಿ. ಮೂರು, ಹೆಚ್ಚೆಂದರೆ ನಾಲ್ಕು ನಿಮಿಷಗಳಲ್ಲಿ ಸೋಸಿರಿ, ಎಲೆಯನ್ನು ಹಿಂಡಬಾರದು. ಹಾಲು ಬೇಕಾದವರು ಬೇರೆಯಾಗಿ ಕಾಯಿಸಿ ಬೆರೆಸಿಕೊಳ್ಳಲಿ. ಎಲೆ ಚಹಾ ದುಬಾರಿಯೆಂಬ ಮಾತು ನಿಜ. ಆದರೆ ಈ ಅಳತೆಯಲ್ಲಿ 100 ಗ್ರಾಂ ಎಲೆಯಿಂದ 50 ಬಟ್ಟಲು ಚಹಾ ಆಗುತ್ತದೆ, ಸಕ್ಕರೆಯ ಖರ್ಚೂ ಇಳಿಯುತ್ತದೆ. ಸುಡುಸುಡುವ ಚಹಾ ಕುಡಿಯುವ ಚಟವಂತೂ ಒಳ್ಳೆಯದಲ್ಲ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2016ರಲ್ಲಿ ತಿಳಿಸಿದೆ.

ಖಡಕ್ ಚಹಾಕ್ಕೆ ಒಗ್ಗಿದ ನಾಲಗೆಗೆ ಇದು ಮೊದಮೊದಲು ಸಪ್ಪೆಯೆನಿಸುವುದು ಸಹಜ. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಬಿಡದೆ, ಕಾಲುಪಾಲಿನಂತೆ ಬಿಡುತ್ತ ಹಿತವಾದುದನ್ನು ಅಷ್ಟಷ್ಟೇ ರೂಢಿಸಿಕೊಳ್ಳಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನ ಬೋಧಿಸುತ್ತದೆ. ಅದರಂತೆ ಮೊದಲು ಮೂರು ಪಾಲು ಹಳೆಯ ಪುಡಿಗೆ ಒಂದು ಪಾಲು ಎಲೆ, ಬಳಿಕ ಅರ್ಧಕ್ಕರ್ಧ, ಹೀಗೆ ಮುಂದುವರಿಯಬಹುದು.

ಎಲೆ ಎಷ್ಟೇ ಉತ್ತಮವಾಗಿದ್ದರೂ ವೇಳೆ ತಪ್ಪಿದರೆ ಫಲವಿಲ್ಲ. ಎದ್ದೊಡನೆ ಬರಿ ಹೊಟ್ಟೆಗೆ ಚಹಾ ಬೇಡ. ಉಗುರುಬೆಚ್ಚಗಿನ ನೀರು ಕುಡಿದು, ಪ್ರಾತರ್ವಿಧಿಗಳನ್ನು ಮುಗಿಸಿ, ಬಾಳೆಹಣ್ಣನ್ನೋ ಹಿಡಿ ಅವಲಕ್ಕಿಯನ್ನೋ ತಿಂದ ಬಳಿಕ ಕುಡಿಯಿರಿ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ಕಬ್ಬಿಣದ ಗುಳಿಗೆಗೆ ಇನ್ನೂ ಹೆಚ್ಚು. ದಿನಕ್ಕೆ ಎರಡು ಬಟ್ಟಲು ಸಾಕು. ಗರ್ಭಿಣಿಯರು, ಅಮ್ಲಪಿತ್ತ, ನಿದ್ರಾಹೀನತೆ, ಎದೆಬಡಿತಗಳಿಂದ ಬಳಲುವವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಆ ತಾಯಿ ಗುಳಿಗೆಯನ್ನು ಮಧ್ಯಾಹ್ನ ನಿಂಬೆಹಣ್ಣಿನ ಪಾನಕದೊಂದಿಗೆ ಸೇವಿಸತೊಡಗಿದರು. ಕೆಲವೇ ತಿಂಗಳಲ್ಲಿ ಅವರ ಮುಖಕ್ಕೆ ಕಳೆ ಬಂದಿತು. ಅದರ ಶ್ರೇಯಸ್ಸು ಎಲೆ ಚಹಾಕ್ಕಲ್ಲ, ವೇಳೆಯ ಬದಲಾವಣೆಗೆ ಸಲ್ಲಬೇಕು. ಎಲೆ ಚಹಾದಿಂದ ಎದೆಯುರಿ ಇಳಿಯಿತು, ಪ್ರೀತಿಯ ಚಹಾವೂ ಉಳಿಯಿತು. ಅಂದಿನಿಂದ ನಾನು ರೋಗಿಗೆ ಔಷಧ ಬರೆಯುವ ಮುನ್ನ, ಚಹಾ ಯಾವಾಗ, ಹೇಗೆ ಕುಡಿಯುತ್ತೀರಿ ಎಂದು ತಪ್ಪದೆ ಕೇಳುತ್ತೇನೆ. ಓದುಗರು ಅದೇ ಪ್ರಶ್ನೆಯನ್ನು ನಾಳೆ ಬೆಳಿಗ್ಗೆ ತಮ್ಮ ಅಡುಗೆಮನೆಯಲ್ಲಿ ಒಮ್ಮೆ ಕೇಳಿಕೊಳ್ಳಲಿ.