ಒಂದು ಡಾಲರಿಗೆ 1,27,000 ಮೇಲ್

ಹೇಗ್ ನಗರಕ್ಕೆ ಅಂಟಿಕೊಂಡಿರುವ ವೂರ್‌ಬರ್ಗ್‌ನಲ್ಲಿ, ರೈಲು ನಿಲ್ದಾಣದ ಪಕ್ಕದಲ್ಲೇ, ಸುತ್ತ ನೀರಿರುವ ಹೊಫ್‌ವೈಕ್ ಎಂಬ ಹಳೆಯ ಮನೆಯಿದೆ. ಶನಿಗ್ರಹಕ್ಕೆ ಉಂಗುರವಿದೆ ಎಂದು ಮೊದಲು ಹೇಳಿದ ಕ್ರಿಸ್ಟಿಯಾನ್ ಹೈಗನ್ಸ್ ಕೊನೆಗಾಲದಲ್ಲಿ ಇಲ್ಲಿದ್ದರು. 1657ರಲ್ಲಿ ಅಚ್ಚಾದ ಅವರ ಪುಟ್ಟ ಪುಸ್ತಕದಲ್ಲಿ ಒಂದು ಲೆಕ್ಕ ಬರುತ್ತದೆ. ಒಬ್ಬನ ಒಂದು ಮುಷ್ಟಿಯಲ್ಲಿ 3 ಷಿಲ್ಲಿಂಗ್, ಇನ್ನೊಂದರಲ್ಲಿ 7. ಯಾವುದರಲ್ಲಿ ಎಷ್ಟೆಂದು ತಿಳಿಯದೆ ನಾವು ಆರಿಸಬೇಕು. ಆ ಅವಕಾಶದ ಬೆಲೆ ಎರಡರ ಸರಾಸರಿ, 5 ಷಿಲ್ಲಿಂಗ್.

ಸ್ಪ್ಯಾಮ್ ಕಳಿಸುವವನು ಬದುಕುವುದೂ ಇದೇ ಲೆಕ್ಕದಲ್ಲಿ. ಅವನ ಮುಷ್ಟಿಯಲ್ಲಿ ಎಷ್ಟಿದೆ? 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸ್ಟಾರ್ಮ್ ಎಂಬ ಸ್ಪ್ಯಾಮ್ ಜಾಲದೊಳಗೆ ನುಸುಳಿ, ಅದರ ಗಿರಾಕಿಗಳನ್ನು ತಮ್ಮದೇ ನಕಲಿ ಔಷಧಿ ಅಂಗಡಿಗೆ ತಿರುಗಿಸಿ ಎಣಿಸಿದರು. 26 ದಿನಗಳಲ್ಲಿ ಹೋದ ಮೇಲ್ ಸುಮಾರು 34.8 ಕೋಟಿ. ಕೊಳ್ಳಲು ಮುಂದಾದವರು 28 ಜನ! 2011ರ ಜನಗಣತಿಯ ಕರ್ನಾಟಕದ 6.1 ಕೋಟಿ ಜನರಿಗೂ ತಲಾ ಒಂದು ಮೇಲ್ ಹಾಕಿದರೆ, ಈ ಲೆಕ್ಕದಲ್ಲಿ ಸಿಗುವ ಗಿರಾಕಿಗಳು ಐದು. ಆ 28 ಜನರ ಒಟ್ಟು ಖರೀದಿ ಸುಮಾರು 2,730 ಡಾಲರ್. ಅಂದರೆ ಒಂದು ಡಾಲರ್ ಕಾಣಲು 1,27,000 ಮೇಲ್.

ದುಡ್ಡು ಕೊಟ್ಟು ಕಳಿಸಿದರೆ ಗಿಟ್ಟುವ ವ್ಯಾಪಾರ ಇದಲ್ಲ. ಮೇಲ್ ಕಳಿಸುವ ಸೇವೆಗಳ ಉಚಿತ ಟ್ರಯಲ್ ಅಕೌಂಟುಗಳ ಮೇಲೆ ಕಣ್ಣು ಬೀಳುವುದು ಅದಕ್ಕೇ. ಸ್ಟಾರ್ಮ್ ಗಳಿಕೆಯನ್ನೇ ಅಳತೆಗೆ ಇಟ್ಟುಕೊಳ್ಳೋಣ. ಒಂದು ಅಕೌಂಟು 500 ಮೇಲ್ ಬಿಟ್ಟರೆ, ಡಾಲರಿಗೆ 254 ಅಕೌಂಟು ಸಾಕು. ಬಾಗಿಲಲ್ಲಿ ಸೊಟ್ಟ ಅಕ್ಷರ ಓದಿಸುವ ಕ್ಯಾಪ್ಚಾ ಇರುತ್ತದಲ್ಲ, ಅದನ್ನು ಬಿಡಿಸಿಕೊಡುವ ದಂಧೆಯಲ್ಲಿ 2010ರ ಹೊತ್ತಿಗೆ ದರ ಸಾವಿರಕ್ಕೆ ಒಂದು ಡಾಲರಿಗೆ ಇಳಿದಿತ್ತು. ಕೂತು ಟೈಪ್ ಮಾಡುವವರ ಕೈಸೇರುತ್ತಿದ್ದದ್ದು ಅದರ ಅರ್ಧದಷ್ಟು. ಆ ಕೂಲಿ ನೆನೆದರೆ ಸಂಕಟವಾಗುತ್ತದೆ. 254 ಅಕೌಂಟಿಗೆ ಖರ್ಚು ಕಾಲು ಡಾಲರ್, ಲಾಭ ಮುಕ್ಕಾಲು.

ಕ್ಯಾಪ್ಚಾ ಹಾಗೇ ಇರಲಿ. ಹೊಸ ಅಕೌಂಟಿನ ಮಿತಿಯನ್ನು ಮಾತ್ರ ಮೊದಲ ದಿನ 50ಕ್ಕೆ ಇಳಿಸಿ, ದೂರು ಬಂದೊಡನೆ ಮುಚ್ಚಿದರೆ ಏನಾಗುತ್ತದೆ? ಅದೇ ಡಾಲರಿಗೆ ಈಗ 2,540 ಅಕೌಂಟು ಬೇಕು. ಕ್ಯಾಪ್ಚಾ ಖರ್ಚೇ ಎರಡೂವರೆ ಡಾಲರ್. ಕಸುಬು ಮುಳುಗಿತು.

ಕ್ರೆಡಿಟ್ ಕಾರ್ಡ್ ಕೇಳುವುದು ಇನ್ನೂ ಬಿಗಿಯಾದ ತಡೆ, ನಿಜ. ಆದರೆ ಕಾರ್ಡೇ ಇಲ್ಲದ ವಿದ್ಯಾರ್ಥಿಯೂ ಹೊರಗುಳಿಯುತ್ತಾಳೆ, ಅದು ನನಗೆ ಒಪ್ಪಿಗೆಯಿಲ್ಲ. ಐವತ್ತರ ಮಿತಿ ಅವಳಿಗೆ ತಾಗುವುದೂ ಇಲ್ಲ. ಕೆಲಸಕ್ಕೆ ಅರ್ಜಿ ಹಾಕಲು ಕೂತರೂ ಮೊದಲ ದಿನ ಹತ್ತು ಮೇಲ್ ಕಳಿಸಿದರೆ ಹೆಚ್ಚು.