ಒಬ್ಬ ಲೇಖಕ, ಎರಡು ಹೆಸರು: ಮೊದಲು ಯಾವ ಪುಸ್ತಕ?



ನಿಮಗೆ ಬಹಳ ಮೆಚ್ಚುಗೆಯಾದ ಲೇಖಕರೊಬ್ಬರ ಕಾದಂಬರಿಯನ್ನು ಗೆಳೆಯರೊಬ್ಬರಿಗೆ ಓದಲು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ವಾರ ಕಳೆದ ಮೇಲೆ ಅವರು ಪುಸ್ತಕ ಹಿಂದಿರುಗಿಸುತ್ತಾ, 'ಮೂವತ್ತು ಪುಟ ಓದಿದೆ, ಹಿಡಿಸಲಿಲ್ಲ' ಎನ್ನುತ್ತಾರೆ. ಮುಂದೆಂದೂ ಅವರು ಆ ಲೇಖಕರ ಪುಸ್ತಕ ಮುಟ್ಟುವುದಿಲ್ಲ. ಇಲ್ಲಿ ತಪ್ಪು ಲೇಖಕರದೂ ಅಲ್ಲ, ಗೆಳೆಯರದೂ ಅಲ್ಲ. ಅನೇಕ ವೇಳೆ ಮೊದಲ ಪುಸ್ತಕದ ಆಯ್ಕೆ ಸರಿಯಾಗಿರುವುದಿಲ್ಲ, ಅಷ್ಟೇ.

ಈ ಕಷ್ಟವನ್ನು ಚೆನ್ನಾಗಿ ಬಲ್ಲವರೆಂದರೆ ಸ್ಕಾಟ್ಲೆಂಡಿನ ಕಾದಂಬರಿಕಾರ ಇಯಾನ್ ಬ್ಯಾಂಕ್ಸ್ ಅವರ ಅಭಿಮಾನಿಗಳು. ಇವರಲ್ಲಿ ನಾಲ್ವರು ಒಂದೆಡೆ ಸೇರಿ 'ನಿಮ್ಮ ಮೆಚ್ಚಿನ ಬ್ಯಾಂಕ್ಸ್ ಕಾದಂಬರಿ ಯಾವುದು?' ಎಂಬ ಪ್ರಶ್ನೆ ಬಂದರೆ ನಾಲ್ಕು ಬೇರೆ ಬೇರೆ ಉತ್ತರಗಳು ಬಂದರೂ ಆಶ್ಚರ್ಯವಿಲ್ಲ. ಅದೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೆಸರಿನ ನಡುವಿನ ಒಂದು ಅಕ್ಷರ

ಬ್ಯಾಂಕ್ಸ್ ಹುಟ್ಟಿದ್ದು 1954ರ ಫೆಬ್ರವರಿ 16ರಂದು, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ. ಸ್ಟರ್ಲಿಂಗ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್, ತತ್ತ್ವಶಾಸ್ತ್ರ ಹಾಗೂ ಮನಶ್ಶಾಸ್ತ್ರವನ್ನು ಓದಿದರು. ಅವರು ಮೊದಲು ಬರೆದುಕೊಂಡದ್ದು ವೈಜ್ಞಾನಿಕ ಕಾದಂಬರಿಗಳನ್ನು. ಅವು ಯಾವುವೂ ಆಗ ಅಚ್ಚಾಗಲಿಲ್ಲ. ಸಾಮಾಜಿಕ ಕಾದಂಬರಿಯನ್ನಾದರೆ ಹೆಚ್ಚು ಮಂದಿ ಪ್ರಕಾಶಕರಿಗೆ ಕಳುಹಿಸಬಹುದು ಎಂಬ ಲೆಕ್ಕದಿಂದ 'ದಿ ವಾಸ್ಪ್ ಫ್ಯಾಕ್ಟರಿ', ಎಂದರೆ 'ಕಡಜದ ಕಾರ್ಖಾನೆ', ಬರೆದರು. ಅದು 1984ರಲ್ಲಿ, ಅವರಿಗೆ ಮೂವತ್ತು ತುಂಬಿದ ದಿನವೇ ಪ್ರಕಟವಾಯಿತು.

ಮೂರು ಕಾದಂಬರಿಗಳ ನಂತರ, 1987ರಲ್ಲಿ 'ಕನ್ಸಿಡರ್ ಫ್ಲೀಬಸ್' ಎಂಬ ವೈಜ್ಞಾನಿಕ ಕಾದಂಬರಿ ಹೊರಬಂದಾಗ ಅದರ ಮೇಲೆ 'ಇಯಾನ್ ಎಂ. ಬ್ಯಾಂಕ್ಸ್' ಎಂದಿತ್ತು. ಈ 'ಎಂ' ಅಕ್ಷರ ಮೆನ್‌ಜೀಸ್ ಎಂಬ ಮನೆತನದ ಹೆಸರಿನ ಗುರುತು. ಅಂದಿನಿಂದ ಸಾಮಾಜಿಕ ಕಥೆಗೆ ಒಂದು ಹೆಸರು, ನಕ್ಷತ್ರಲೋಕದ ಕಥೆಗೆ ಇನ್ನೊಂದು ಹೆಸರು ಎಂಬ ಪದ್ಧತಿ ನಡೆದುಬಂತು. ಪುಸ್ತಕದ ಅಂಗಡಿಗಳಲ್ಲಿಯೂ ಅವರ ಕೃತಿಗಳು ಎರಡು ಕಪಾಟುಗಳಲ್ಲಿ ಹಂಚಿಹೋದವು. ಒಂದು ಕಪಾಟಿನ ಮುಂದೆ ನಿಲ್ಲುವ ಓದುಗರು ಎಷ್ಟೋ ವೇಳೆ ಇನ್ನೊಂದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಈ ಗೋಡೆ ಎಷ್ಟು ತೆಳುವಾದುದು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2009ರಲ್ಲಿ ಬಂದ 'ಟ್ರಾನ್ಸಿಷನ್' ಕಾದಂಬರಿ ಬ್ರಿಟನ್ನಿನಲ್ಲಿ 'ಎಂ' ಇಲ್ಲದೆ ಪ್ರಕಟವಾಯಿತು, ಅಮೆರಿಕದಲ್ಲಿ 'ಎಂ' ಸಹಿತ ಪ್ರಕಟವಾಯಿತು. ಪುಸ್ತಕ ಒಂದೇ, ಕಪಾಟು ಮಾತ್ರ ಬೇರೆ!

ಅಭಿಮಾನಿಗಳ ಆಯ್ಕೆಗಳು

ಒಂದು ಗುಂಪು 'ದಿ ವಾಸ್ಪ್ ಫ್ಯಾಕ್ಟರಿ'ಯನ್ನೇ ಮೊದಲು ಹೇಳುತ್ತದೆ. ಸ್ಕಾಟ್ಲೆಂಡಿನ ಪುಟ್ಟ ದ್ವೀಪವೊಂದರಲ್ಲಿ ತಂದೆಯೊಡನೆ ವಾಸಿಸುವ ಹದಿನಾರು ವರ್ಷದ ಫ್ರಾಂಕ್ ತನ್ನ ಕ್ರೂರ ಆಚರಣೆಗಳನ್ನು ತಾನೇ ತಣ್ಣಗೆ ವಿವರಿಸುವ ಕಥೆ ಇದು. ಕೆಲವು ವಿಮರ್ಶಕರು ಅಸಹ್ಯಪಟ್ಟು ಬರೆದರು. ಪ್ರಕಾಶಕರು ಮುಂದಿನ ಮುದ್ರಣದಲ್ಲಿ ಹೊಗಳಿಕೆಯ ಜೊತೆಗೆ ಆ ಬೈಗುಳಗಳನ್ನೂ ಅಚ್ಚು ಹಾಕಿದರು! 1997ರಲ್ಲಿ ಬ್ರಿಟನ್ನಿನಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಓದುಗರು ಮತ ಹಾಕಿ ಆರಿಸಿದ ಶತಮಾನದ ನೂರು ಪುಸ್ತಕಗಳಲ್ಲಿ ಇದೂ ಸೇರಿತು. ಆದರೂ ಎಲ್ಲರ ಕೈಗೂ ಕೊಡುವ ಪುಸ್ತಕ ಇದಲ್ಲ. ಪ್ರಾಣಿಹಿಂಸೆಯ ವರ್ಣನೆಯನ್ನು ಓದಲಾರದವರಿಗೆ ಇದನ್ನು ಮೊದಲು ಕೊಟ್ಟರೆ ಅವರು ಬ್ಯಾಂಕ್ಸ್ ಅವರನ್ನೇ ದೂರವಿಡುತ್ತಾರೆ.

ಎರಡನೆಯ ಗುಂಪಿನ ಮೆಚ್ಚಿನದು 1992ರ 'ದಿ ಕ್ರೋ ರೋಡ್'. ಗ್ಲಾಸ್ಗೋ ನಗರದಲ್ಲಿ ಈ ಹೆಸರಿನ ಬೀದಿ ಇದೆ. ಆ ಕಡೆಯ ಆಡುಮಾತಿನಲ್ಲಿ ಒಬ್ಬರು ಕಾಗೆಯ ದಾರಿ ಹಿಡಿದರೆಂದರೆ ತೀರಿಹೋದರು ಎಂದರ್ಥ. ಕಾಣೆಯಾದ ಚಿಕ್ಕಪ್ಪನೊಬ್ಬನ ಗುಟ್ಟನ್ನು ಹುಡುಕುತ್ತಾ ಹೊರಡುವ ವಿದ್ಯಾರ್ಥಿ, ದೊಡ್ಡ ಕುಟುಂಬ, ತಂದೆ ಮಗನ ನಡುವೆ ದೇವರ ವಿಷಯದಲ್ಲಿ ಬೆಳೆದ ಮನಸ್ತಾಪ, ಇವೆಲ್ಲ ಇದರಲ್ಲಿವೆ. ನಗುವೂ ಸಾವೂ ಒಂದೇ ಪುಟದಲ್ಲಿ ಬರುತ್ತವೆ. 1996ರಲ್ಲಿ ಬಿಬಿಸಿ ಇದನ್ನು ನಾಲ್ಕು ಕಂತುಗಳ ಧಾರಾವಾಹಿಯಾಗಿ ತೋರಿಸಿತು. ಕೂಡುಕುಟುಂಬದ ಒಳಮಾತುಗಳನ್ನು ಬಲ್ಲ ನಮ್ಮ ಓದುಗರಿಗೆ ಇದು ಬೇಗ ಹತ್ತಿರವಾಗುತ್ತದೆ.

ಮೂರನೆಯ ಗುಂಪು 1986ರ 'ದಿ ಬ್ರಿಜ್' ಎನ್ನುತ್ತದೆ. ಬ್ಯಾಂಕ್ಸ್ ಬಾಲ್ಯ ಕಳೆದ ಊರಿನ ಪಕ್ಕದಲ್ಲೇ 1890ರಲ್ಲಿ ಸಂಚಾರಕ್ಕೆ ತೆರೆದ ಫೋರ್ತ್ ರೈಲು ಸೇತುವೆ ಇದೆ. ಕಾರು ಅಪಘಾತದಲ್ಲಿ ಪ್ರಜ್ಞೆ ತಪ್ಪಿದವನ ಮನಸ್ಸಿನೊಳಗೆ ಇಂಥದೇ ಒಂದು ಸೇತುವೆ ಕೊನೆಯಿಲ್ಲದೆ ಬೆಳೆದು, ಅದರ ಮೇಲೆ ಇಡೀ ನಗರವೇ ನಿಲ್ಲುತ್ತದೆ. ಇದು ಸಾಮಾಜಿಕವೋ ವೈಜ್ಞಾನಿಕವೋ ಎಂದು ಹೇಳುವುದು ಕಷ್ಟ. ಎರಡೂ ಕಪಾಟಿನ ಓದುಗರು ಭೇಟಿಯಾಗಬಹುದಾದ ಜಾಗ ಇದು.

'ಕಲ್ಚರ್' ಎಂಬ ಲೋಕ

ಇನ್ನು ವೈಜ್ಞಾನಿಕ ಕಾದಂಬರಿಗಳು. ಇವುಗಳಲ್ಲಿ ಒಂಬತ್ತು ಕಾದಂಬರಿಗಳೂ ಒಂದು ಕಥಾಸಂಕಲನವೂ 'ಕಲ್ಚರ್' ಎಂಬ ಕಲ್ಪಿತ ನಾಗರಿಕತೆಗೆ ಸೇರಿವೆ. ಅಲ್ಲಿ ಹಣವಿಲ್ಲ, ಬಡತನವಿಲ್ಲ. ಆಡಳಿತದ ಹೊರೆಯನ್ನು ಮನುಷ್ಯರಿಗಿಂತ ಬಹುಪಾಲು ಬುದ್ಧಿವಂತವಾದ ಯಂತ್ರಗಳು ಹೊತ್ತಿವೆ. ಅಲ್ಲಿನ ಆಕಾಶನೌಕೆಗಳು ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುತ್ತವೆ, ಅದೂ ತಮಾಷೆಯಾಗಿ. ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆ ರಾಕೆಟ್ ಇಳಿಸುವ ತನ್ನ ತೇಲುವ ವೇದಿಕೆಗಳಿಗೆ 2015ರಲ್ಲಿ ಇಂಥ ಹೆಸರುಗಳನ್ನೇ ಇಟ್ಟಿತು.

ಎಲ್ಲವೂ ಇರುವ ಸಮಾಜಕ್ಕೆ ಇನ್ನೇನು ಚಿಂತೆ ಎಂದು ನೀವು ಕೇಳಬಹುದು. ಬ್ಯಾಂಕ್ಸ್ ಎತ್ತುವ ಪ್ರಶ್ನೆ ಇದು: ನಾವು ಸುಖವಾಗಿದ್ದೇವೆ, ಪಕ್ಕದ ಲೋಕದಲ್ಲಿ ಕ್ರೌರ್ಯ ನಡೆದಿದೆ. ಒಳ್ಳೆಯ ಉದ್ದೇಶದಿಂದ ಅಲ್ಲಿ ಕೈಹಾಕಬಹುದೇ? ಹಾಕಿದರೆ ಕೈ ಶುದ್ಧವಾಗಿ ಉಳಿಯುವುದೇ?

ಈ ಲೋಕಕ್ಕೆ ಹೊಸಬರಾದವರಿಗೆ ಅನೇಕ ಅಭಿಮಾನಿಗಳು ಸೂಚಿಸುವುದು 1988ರ 'ದಿ ಪ್ಲೇಯರ್ ಆಫ್ ಗೇಮ್ಸ್'. ಪಗಡೆಯಾಟದಲ್ಲಿ ರಾಜ್ಯ ಕಳೆದುಕೊಂಡ ಕಥೆ ನಮಗೆ ಹೊಸದಲ್ಲ. ಇಲ್ಲಿ ಒಂದು ಸಾಮ್ರಾಜ್ಯದಲ್ಲಿ ಅಧಿಕಾರಿಯಿಂದ ಚಕ್ರವರ್ತಿಯವರೆಗೆ ಪ್ರತಿಯೊಂದು ಪದವಿಯೂ ಒಂದು ಮಹಾ ಆಟದಲ್ಲಿ ಗೆದ್ದವರಿಗೆ ಸಲ್ಲುತ್ತದೆ. 'ಕಲ್ಚರ್'ನಿಂದ ಹೋದ ಆಟಗಾರ ಗುರ್ಗೇ ಅಲ್ಲಿ ಪಣಕ್ಕೆ ಕೂರುತ್ತಾನೆ. ಕಥೆ ನೇರವಾಗಿ ಸಾಗುವುದರಿಂದ ಹೊಸ ಓದುಗರಿಗೆ ದಾರಿ ತಪ್ಪುವುದಿಲ್ಲ.

1990ರ 'ಯೂಸ್ ಆಫ್ ವೆಪನ್ಸ್' ಇದಕ್ಕಿಂತ ದೊಡ್ಡ ಕೃತಿ ಎನ್ನುವವರು ಅನೇಕರಿದ್ದಾರೆ. ಆದರೆ ಇದರ ಒಂದು ಸಾಲಿನ ಅಧ್ಯಾಯಗಳು ಮುಂದಕ್ಕೆ ಸಾಗಿದರೆ, ನಡುನಡುವೆ ಬರುವ ಇನ್ನೊಂದು ಸಾಲು ಹಿಂದಕ್ಕೆ ಸಾಗುತ್ತದೆ. ಇದರ ಹಿಂದೆಯೂ ಗೆಳೆತನದ ಕಥೆಯೊಂದಿದೆ. 1974ರಲ್ಲಿ ಬರೆದು ಮೂಲೆ ಸೇರಿದ್ದ ಈ ಕೃತಿಯ ಮೊದಲ ಕರಡಿನಲ್ಲಿ ಒಳ್ಳೆಯ ಕಾದಂಬರಿಯೊಂದು ಅಡಗಿದೆ ಎಂದು ಕಂಡವರು ಬ್ಯಾಂಕ್ಸ್ ಅವರ ಶಾಲಾದಿನಗಳ ಗೆಳೆಯ, ಮುಂದೆ ತಾವೂ ಕಾದಂಬರಿಕಾರರಾದ ಕೆನ್ ಮ್ಯಾಕ್ಲೌಡ್. ಎರಡು ದಿಕ್ಕಿನ ಈ ರಚನೆಯನ್ನು ಸೂಚಿಸಿದವರೂ ಅವರೇ. ಒಬ್ಬ ಓದುಗ ಕೈಬಿಡದಿದ್ದುದರಿಂದ ಒಂದು ಪುಸ್ತಕ ಉಳಿಯಿತು!

ಹೇಳುವುದೆಷ್ಟು, ಬಿಡುವುದೆಷ್ಟು

ಮೆಚ್ಚಿದ ಕಾದಂಬರಿಯನ್ನು ಇತರರಿಗೆ ಹೇಳುವಾಗ ಮೂರು ವಿಷಯಗಳನ್ನು ನೆನಪಿಡುವುದು ಒಳ್ಳೆಯದು. ಮೊದಲನೆಯದು, ಕೇಳುವವರು ಈಗಾಗಲೇ ಏನನ್ನು ಇಷ್ಟಪಟ್ಟು ಓದುತ್ತಾರೆ ಎಂಬುದನ್ನು ತಿಳಿದುಕೊಳ್ಳಿ. ಕುಟುಂಬದ ಕಥೆ ಬೇಕೆನ್ನುವವರಿಗೆ 'ದಿ ಕ್ರೋ ರೋಡ್', ಚದುರಂಗ ಪ್ರಿಯರಿಗೆ 'ದಿ ಪ್ಲೇಯರ್ ಆಫ್ ಗೇಮ್ಸ್'. ಎರಡನೆಯದು, ಕೊನೆಯನ್ನು ಹೇಳಬೇಡಿ. 'ದಿ ವಾಸ್ಪ್ ಫ್ಯಾಕ್ಟರಿ' ಮತ್ತು 'ಯೂಸ್ ಆಫ್ ವೆಪನ್ಸ್' ಎರಡರಲ್ಲೂ ಕೊನೆಯ ಪುಟಗಳು ಹಿಂದಿನ ಎಲ್ಲವನ್ನೂ ಬೇರೆ ಬೆಳಕಿನಲ್ಲಿ ನಿಲ್ಲಿಸುತ್ತವೆ. ಮೂರನೆಯದು, ಪುಸ್ತಕ ನಿಮಗೆ ಏಕೆ ಹಿಡಿಸಿತು ಎಂಬುದನ್ನು ಹೇಳಿ. 'ಬಹಳ ಚೆನ್ನಾಗಿದೆ' ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹೇಳುವುದನ್ನು ಮುಂದೂಡುವುದೂ ಬೇಡ. 2013ರ ಏಪ್ರಿಲ್ 3ರಂದು ಬ್ಯಾಂಕ್ಸ್ ತಮಗೆ ಪಿತ್ತಕೋಶದ ಕ್ಯಾನ್ಸರ್ ಇದೆಯೆಂದೂ, ಹೆಚ್ಚು ಕಾಲ ಉಳಿದಿಲ್ಲವೆಂದೂ ತಾವೇ ಪ್ರಕಟಿಸಿದರು. ಓದುಗರು ತಮ್ಮ ಮೆಚ್ಚಿನ ಪುಸ್ತಕಗಳನ್ನು ನೆನೆದು ಬರೆಯತೊಡಗಿದರು. ಬ್ಯಾಂಕ್ಸ್ ಅವನ್ನು ಓದಿ, ಕೃತಜ್ಞತೆ ತಿಳಿಸಿದರು. ಜೂನ್ 9ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಕ್ಯಾನ್ಸರಿನಿಂದ ಸಾಯುತ್ತಿರುವ ತಂದೆಯನ್ನು ಮಗ ನೋಡಿಕೊಳ್ಳುವ ಕಥೆಯುಳ್ಳ 'ದಿ ಕ್ವಾರಿ' ಅದೇ ತಿಂಗಳು ಪ್ರಕಟವಾಯಿತು. ಅದರ ಬಹುಭಾಗವನ್ನು ಅವರು ತಮ್ಮ ಕಾಯಿಲೆ ತಿಳಿಯುವ ಮೊದಲೇ ಬರೆದಿದ್ದರು.

ಅವರು ಹೋದ ಮೇಲೆ ಬಂದ ಪುಸ್ತಕವೆಂಬ ಕಾರಣಕ್ಕೆ ಅದನ್ನೇ ಮೊದಲು ಓದುವ ಆಸೆ ನಿಮಗಾಗಬಹುದು. ಅದು ಕೊನೆಗಿರಲಿ. ಅದಕ್ಕೆ ಮೊದಲು ಎರಡೂ ಕಪಾಟುಗಳಿಂದ ಒಂದೊಂದು ಪುಸ್ತಕ ಓದಿ ನೋಡಿ. ಅನಂತರ ನೀವೇ ಇನ್ನೊಬ್ಬರಿಗೆ ಮೊದಲ ಪುಸ್ತಕ ಯಾವುದೆಂದು ಹೇಳಬಲ್ಲಿರಿ.